ಲೆಕ್ಕಕ್ಕಿಲ್ಲದ ನೀರು

ಬೋರಿಹಾಳದ ನೆಲದೊಳಗ ಎಷ್ಟು ಪೈಪು ಹುಗದಾರೋ
ಯಾರಿಗೂ ಗೊತ್ತಿಲ್ಲ.
ನಕ್ಷೆ ಸೋಲಾಪುರದ ಕಚೇರಿಯೊಳಗ ಇತ್ತಂತ,
ಒರಲಿ ತಿಂದಾವಂತ.
ಒರಲಿಗೂ ಮರಾಠಿ ಓದಾಕ ಬರತೈತಿ ನೋಡವ್ವಾ
ಅಂತ ಮೌಲಾಲಿ ಕಾಕಾ ನಗತಿದ್ದ.

ಕೈಯಾಗ ಎದಿಮಟದ ಕಬ್ಬಿಣದ ಚಾವಿ,
ಹೆಗಲ ಮ್ಯಾಲೆ ಸಲಾಕಿ.
ನಸುಕಿನಾಗ ಸಲಾಕಿಯ ಒಂದು ತುದಿ ರಸ್ತೆಗೆ, ಇನ್ನೊಂದು ಕಿವಿಗೆ ಹಚ್ಚಿ
ನಾಯಿ ಬೊಗಳೂದು ನಿಲ್ಲೂತನಕ ಕಾಯಾಂವ.
"ಇಲ್ಲಿ ಸೋರತೈತಿ. ಇಲ್ಲಿಲ್ಲ.
ಇಲ್ಲಿ ಬೇವಿನ ಬೇರು ಹೊಕ್ಕೈತಿ."

ಮೂವತ್ತೊಂದು ವರ್ಷದಾಗ ಟಾಕಿಗೆ ಒಂದು ಸಲ ಬಣ್ಣ ಬಳದ್ರು,
ಅದೂ ಮಂತ್ರಿ ಬರತಾನಂತ, ರಸ್ತೆ ಕಡಿ ಮೈಗಷ್ಟ.
ಹಿಂದಿನ ಮೈ ಉದುರಿ ಸರಳು ಬಯಲಿಗೆ ಬಿದ್ದಿದ್ವು,
ಅದರಾಗ ಪಾರಿವಾಳ ಸಂಸಾರ ಹೂಡಿದ್ವು.
ಗ್ಯಾಸ್ಕೆಟ್ ಬೇಕಂತ ಬರದ ಅರ್ಜಿಗೆ
ಎರಡು ವರ್ಷಕ್ಕ ಉತ್ತರ: ಮರಾಠಿಯೊಳಗ ಕೊಡಬೇಕು.
ಕೊಟ್ಟ.
ಮತ್ತೆರಡು ವರ್ಷಕ್ಕ: ಅನುದಾನ ಇಲ್ಲ.
ಅಷ್ಟರಾಗ ಹಳೇ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದ್ದ.
ನಾಲ್ಕು ದಿನಕ್ಕೊಮ್ಮೆ ಊರು ಕುಡೀತು
ಆ ಟ್ಯೂಬಿನ ದಯದಿಂದ.
ಅವನ ಪಗಾರ ಹನ್ನೊಂದು ತಿಂಗಳದ್ದು ಬಾಕಿ.
ಇದನ್ನ ನಾ ಮರ್ಯೂದಿಲ್ಲ. ಹಳೇದೆಲ್ಲಾ ಬಂಗಾರ ಅನ್ನಾಕ
ನನ್ನ ನಾಲಗಿ ಹೊರಳೂದಿಲ್ಲ.

ಆಮ್ಯಾಲೆ ಕಂಪನಿ ಬಂತು. ಇಪ್ಪತ್ತೈದು ವರ್ಷದ ಕರಾರು.
ನೀಲಿ ಪೈಪು, ನೀಲಿ ಅಂಗಿ,
ನನಗೂ ಒಂದು. ಎದಿ ಮ್ಯಾಲೆ ಬಿಲ್ಲೆ:
ಮಹಾನಂದಾ, ಮೀಟರ್ ರೀಡರ್, ಇಂಗ್ಲಿಷಿನಾಗ.
ಪಗಾರ ಒಂದನೇ ತಾರೀಖಿಗೆ, ಒಂದು ದಿನ ತಪ್ಪಿಲ್ಲ.
ಇದನ್ನೂ ಬರಕೋರಿ.
ನೀರು ದಿನಾ ಮುಂಜಾನೆ ಆರಕ್ಕ,
ಗಡಿಯಾರ ಹೊಂದಿಸಕೊಳ್ಳುವಂಗ.
ಮೀಟರ್ ಇದ್ದವರಿಗೆ.

ಕಾಕಾನ್ನ ಹದಿನೈದು ದಿನ ಇಟಗೊಂಡ್ರು.
ಅವ ಮುಂದ ಸಲಾಕಿ ಹಚ್ಚತಿದ್ದ,
ನಾ ಹಿಂದ ಟ್ಯಾಬ್ ಹಿಡದು
ಅವನ ಕಿವಿಯೊಳಗಿನ ಊರನ್ನ ಚುಕ್ಕಿ ಚುಕ್ಕಿಯಾಗಿ ಇಳಿಸಕೊಂಡೆ.
ನೂರಾ ನಾಲ್ಕು ಸೋರಿಕೆ.
ಕಂಪನಿ ಪುಸ್ತಕದಾಗ ಇದಕ್ಕ ಹೆಸರೈತಿ:
ಲೆಕ್ಕಕ್ಕಿಲ್ಲದ ನೀರು.
ಒಡಕಿನಿಂದ ಮಣ್ಣಿಗೆ ಹೋದದ್ದೂ ಅದ,
ಕೇರಿಯ ನಳದಿಂದ ಕೊಡಕ್ಕ ಬಿದ್ದದ್ದೂ ಅದ.

ಏಳನೇ ವಾಲ್ವಿನ ಹತ್ರ ಮಾತ್ರ ಅವ ನಿಲ್ಲಲಿಲ್ಲ.
ಅಲ್ಲಿ ಹಸಿ ನೆಲ. ಕಲ್ಲಿನ ಕುಣಿಯಾಗ ಬೊಗಸಿಯಷ್ಟು ನೀರು,
ಧನಗರರ ಆಡು ಮೂತಿ ಇಟ್ಟಿದ್ವು.
ಇಟ್ಟಂಗಿ ಭಟ್ಟಿಯ ಹೆಂಗಸರು ಬುತ್ತಿ ಡಬ್ಬಿ ತೊಳೀತಿದ್ರು.
ಗ್ವಾಡಿ ಬುಡಕ ಯಾರೋ ಊರಿದ ಪುಂಡಿ
ಆಳೆತ್ತರ ಆಗಿತ್ತು.
"ಇಲ್ಲಿ?" ಅಂದೆ.
"ಇದು ಸೋರೂದಲ್ಲವ್ವಾ," ಅಂದ, ತಿರುಗಿ ನೋಡಲಿಲ್ಲ.
ಮೂವತ್ತೊಂದು ವರ್ಷ ಇದನ್ನ ದುರಸ್ತಿ ಮಾಡದ ಕಾಯ್ದಾಂವ.
ರೊಕ್ಕ ಇಲ್ಲಂತಲ್ಲ.

ನಾ ಒತ್ತಿದೆ. ನೂರಾ ಐದು.
ಪಗಾರದ ಬೆರಳು, ತಡೀಲಿಲ್ಲ.
ಎರಡ ದಿನದಾಗ ಬಂದ್ರು, ಅಗದ್ರು, ಮುಚ್ಚಿದ್ರು.
ಚೊಕ್ಕ ಕೆಲಸ. ಸರಕಾರ ಇಂಥಾದ್ದನ್ನ
ಒಂದು ದಿನಾನೂ ಮಾಡಿರಲಿಲ್ಲ.

ಚಾವಿ ಒಪ್ಪಿಸೂ ದಿನ ಸ್ಟೋರಿನ ಫಾರ್ಮಿನಾಗ ಅದಕ್ಕ ಕಲಂ ಇರಲಿಲ್ಲ.
"ಗುಜರಿ, ಆರೂವರೆ ಕಿಲೋ" ಅಂತ ಬರಕೊಂಡ್ರು.
ಸಲಾಕಿ ಅವ ಕೊಡಲಿಲ್ಲ;
ದುಧನಿ ಸಂತ್ಯಾಗ ತನ್ನ ರೊಕ್ಕದಾಗ ಕೊಂಡಿದ್ದಂತ.
ಈಗ ಅದರಿಂದ ಅಂಗಳದ ಬೆಕ್ಕು ಓಡಸತಾನ.

ನಿನ್ನೆ ರೀಡಿಂಗಿಗೆ ಹೊಂಟಾಗ
ಆಡು ಬಂದು ಒಣ ಕುಣಿ ನೆಕ್ಕತಿದ್ವು.
ಭಟ್ಟಿಯ ಹೆಂಗಸೊಬ್ಬಾಕಿ, ಕೈಯೆಲ್ಲಾ ಕೆಮ್ಮಣ್ಣು,
ನನ್ನ ನೀಲಿ ಅಂಗಿ ಕಂಡು
ದಾರಿ ಬಿಟ್ಟು ಸರದಳು, ಸಾಹೇಬರಿಗೆ ಸರದಂಗ.
ನನ್ನ ಬಾಟಲಿಯಾಗ ಅರ್ಧ ನೀರಿತ್ತು. ಚಾಚಿದೆ.
ಮುಚ್ಚಳ ತಿರುವೂ ಮೊದಲು ಕೇಳಿದಳು:
"ಎಷ್ಟ್ರೀ?"